ಗೆರೆಯ ತುದಿಯ ಚುಕ್ಕಿ

ಒಂದು ಜಡೆ ಮುಗಿದಿತ್ತು. ಇನ್ನೊಂದಕ್ಕೆ ಕೂದಲನ್ನು ಮೂರು ಭಾಗ ಮಾಡಿ ಬೆರಳ ಸಂದಿಯಲ್ಲಿ ಹಿಡಿದುಕೊಳ್ಳುವಷ್ಟರಲ್ಲಿ ಮಗಳು ಕತ್ತು ತಿರುಗಿಸಿದಳು.

"ಅಮ್ಮಾ, ಒಂದು ಕೇಳ್ಲಾ?"

"ಕತ್ತು ನೆಟ್ಟಗಿಟ್ಕೊಂಡು ಕೇಳು. ಬೈತಲೆ ಸೊಟ್ಟ ಆಗತ್ತೆ."

"ಬೈಯಲ್ಲ ತಾನೇ?"

"ಬೈಯೋ ಅಂಥದ್ದು ಏನು ಮಾಡಿದೀಯ ಬೆಳಗ್ಗೆ ಬೆಳಗ್ಗೆನೇ?"

"ನಾನಲ್ಲ ಮಾಡಿದ್ದು..."

ಅಷ್ಟರಲ್ಲಿ ಬೀದಿಯಲ್ಲಿ ಹಾರ್ನ್ ಕೇಳಿಸಿತು. ಎರಡು ಉದ್ದ, ಒಂದು ಗಿಡ್ಡ. ತಮ್ಮನ ಗಾಡಿ. ಕೆಟ್ಟು ನಿಂತ ಕಾರುಗಳನ್ನು ಶೋರೂಮಿಗೆ ಎಳೆದು ತರುವ ಆ ದೊಡ್ಡ ಹಳದಿ ಲಾರಿ ಬಂತೆಂದರೆ ಮಗಳು ಬಾಗಿಲಿಗೆ ಹಾರುತ್ತಿದ್ದಳು. ಇಂದು ಕೂತಲ್ಲೇ ಕೂತಳು.

ತಮ್ಮನೂ ಒಳಗೆ ಬರಲಿಲ್ಲ. ಯಾವಾಗಲೂ ನೇರ ಅಡುಗೆಮನೆಗೆ ನುಗ್ಗಿ ಡಬ್ಬಿಗಳ ಮುಚ್ಚಳ ತೆಗೆದು ನೋಡುವವನು, ಹೊಸ್ತಿಲಾಚೆಯೇ ನಿಂತು ಬೀಗದ ಕೈಗಳನ್ನು ಬೆರಳಿನಲ್ಲಿ ತಿರುಗಿಸುತ್ತಿದ್ದ.

"ಅಕ್ಕಾ, ಬೇಗ ಹೊರಡು. ಹನ್ನೊಂದಕ್ಕೆ ಬರ್ತೀನಿ ಅಂದಿದ್ದ ಸರ್ವೇಯರ್ ಎಂಟೂವರೆಗೇ ಶೋರೂಮಿಗೆ ಬಂದು ಕೂತಿದಾರೆ. ಬಂಪರ್ ಬಿಚ್ಚಿನೂ ಆಯ್ತು."

"ಬಿಚ್ಚಿದ್ರಾ? ನನ್ನೆದುರಿಗೆ ಬಿಚ್ತೀವಿ ಅಂತ ಬರೆದು ಕೊಟ್ಟಿದ್ರಲ್ಲೋ!"

"ನನ್ನನ್ನ ಕೇಳಿದ್ರೆ? ನಾನು ಗಾಡಿ ಎಳೆಯೋನು."

ಅವಳು ಬಾಚಣಿಗೆಯನ್ನು ಕಿಟಕಿಯ ಮೇಲಿಟ್ಟಳು. ಎದುರಿಗೆ ಏನಾದರೂ ಕಂಡರೆ ತಾನಾಗಿ ಬ್ರೇಕ್ ಹಾಕಬೇಕಿದ್ದ ಮೇಷ್ಟ್ರ ಕಾರು, ಹಾಕದೆ ಅಂಚೆ ಹಂಚುವ ಪೋಸ್ಟಮ್ಮನ ಸೈಕಲ್ಲಿಗೆ ತಾಗಿ, ಆಕೆಯ ಕಾಲು ಮುರಿದು ಇಂದಿಗೆ ಒಂಬತ್ತು ದಿನ. ಆ ಕಾರಿನ ಸೆನ್ಸರ್ ಸರಿಮಾಡಿದ್ದು ಇವಳ ಶೆಡ್ಡಿನಲ್ಲಿ. ಇನ್ಶೂರೆನ್ಸಿನ ಸರ್ವೇಯರ್ 'ಹೊರಗಿನ ರಿಪೇರಿಯ ದೋಷ' ಎಂದು ಬರೆದು ಸಹಿ ಹಾಕಿದರೆ ಶೆಡ್ಡಿಗೆ ಬೀಗ ಬೀಳುತ್ತದೆ, ಇವಳ ಮೇಲೆ ಕೇಸು ಬೀಳುತ್ತದೆ.

ಶಾಲೆಗೆ ರಜೆ. ಮನೆಯಲ್ಲಿ ಬೇರೆ ಯಾರೂ ಇಲ್ಲ. ಒಂದು ಕಡೆ ಜಡೆ, ಇನ್ನೊಂದು ಕಡೆ ಬಿಚ್ಚುಗೂದಲು. ಮಗಳೂ ಹಾಗೇ ಲಾರಿ ಹತ್ತಿದಳು.

ಮೂವರೂ ಮುಂದಿನ ಸೀಟಿನಲ್ಲಿ, ಮಗು ನಡುವೆ. ಅಕ್ಕನ ತೊಡೆಯ ಮೇಲೆ ಗೇಣುದ್ದದ ಮಟ್ಟಗೋಲು. ಗಾಜಿನ ನಳಿಗೆಯೊಳಗೆ ಗಾಳಿಗುಳ್ಳೆ ಅತ್ತಿತ್ತ ಆಡುವ ಆ ಕೋಲಿಲ್ಲದೆ ಅವಳು ಯಾವ ಕಾರನ್ನೂ ಮುಟ್ಟಿದವಳಲ್ಲ. ಗಿರಾಕಿಗಳೆಲ್ಲ ಅವಳನ್ನು ಮಟ್ಟಗೋಲಕ್ಕ ಎಂದೇ ಕರೆಯುತ್ತಿದ್ದರು.

"ಅಮ್ಮಾ..." ಎಂದಳು ಮಗಳು.

"ಏ ಇಲಿಮರಿ, ತಗೋ." ತಮ್ಮ ಜೇಬಿನಿಂದ ಪೆಪ್ಪರ್‌ಮಿಂಟ್ ತೆಗೆದು ಅವಳ ಕೈಗೆ ಕೊಟ್ಟ. "ಅಮ್ಮನ ತಲೆ ತಿನ್ಬೇಡ, ಇದನ್ನ ತಿನ್ನು."

ಮಗಳು ತಿನ್ನಲಿಲ್ಲ. ಮುಷ್ಟಿಯೊಳಗೆ ಹಿಡಿದುಕೊಂಡು ಎದುರಿನ ಡ್ಯಾಶ್‌ಬೋರ್ಡಿನ ಡಬ್ಬಿಯ ಮುಚ್ಚಳವನ್ನೇ ನೋಡುತ್ತಿದ್ದಳು.

ಅಕ್ಕನ ಮನಸ್ಸು ಅಲ್ಲಿರಲಿಲ್ಲ. ಮೇಷ್ಟ್ರ ಕಾರಿಗೆ ಆಗಿದ್ದಾದರೂ ಏನು? ಹಿಮ್ಮುಖವಾಗಿ ತಿರುಗಿಸುವಾಗ ಗೇಟಿನ ಕಂಬಕ್ಕೆ ಮೂತಿ ಉಜ್ಜಿತ್ತು, ಅಷ್ಟೇ. ಬಂಪರಿನ ಹಿಂದೆ ಕೂತು ದಾರಿ ಕಾಯುವ ರೇಡಾರ್ ಸೆನ್ಸರಿಗೆ ಒಂದು ಗೀರೂ ಬಿದ್ದಿರಲಿಲ್ಲ. ಅದನ್ನು ಹಿಡಿದಿದ್ದ ಬ್ರಾಕೆಟ್ಟಿನ ಒಂದು ಪ್ಲಾಸ್ಟಿಕ್ ಕಿವಿ ಮುರಿದಿತ್ತು. ಹೆಬ್ಬೆರಳಿನಷ್ಟು ಕಿವಿ.

ಅದಕ್ಕೆ ಶೋರೂಮಿನವರು ಹೇಳಿದ್ದೇನು? ಸೆನ್ಸರ್ ಹೊಸದು, ಬ್ರಾಕೆಟ್ ಹೊಸದು, ಬಂಪರ್ ಹೊಸದು. ಆ ದುಡ್ಡಿಗೆ ಒಂದು ಸ್ಕೂಟರ್ ಬರುತ್ತಿತ್ತು. ಪಿಂಚಣಿಯಲ್ಲಿ ಬದುಕುವ ಮೇಷ್ಟ್ರು ಬೆವರೊರೆಸಿಕೊಂಡು ಇವಳ ಶೆಡ್ಡಿಗೆ ಬಂದರು. ಅವಳು ಕಿವಿಯನ್ನು ಮಾಡಿ ಕೂರಿಸಿದಳು, ಸೆನ್ಸರನ್ನು ಮಟ್ಟಕ್ಕೆ ತಂದಳು, ಗೋಡೆಯ ಗುರಿಹಲಗೆ ಎದುರಿಟ್ಟು ಮೂರು ಸಲ ಪರೀಕ್ಷೆ ಮಾಡಿದಳು. ಒಂದು ಡಿಗ್ರಿ ಓರೆಯಾದರೆ ನೂರು ಮೀಟರ್ ಆಚೆ ಒಂದು ಆಳಿನಷ್ಟು ಗುರಿ ತಪ್ಪುತ್ತದೆ ಎಂದು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಹಾಗಿದ್ದೂ ಪೋಸ್ಟಮ್ಮನ ಕಾಲು ಮುರಿಯಿತು. ಆಸ್ಪತ್ರೆಯಲ್ಲಿ ಆಕೆ ಇವಳ ಕೈ ಹಿಡಿದು, "ನಿನ್ನ ಕೈಕೆಲಸ ನಂಗೊತ್ತು ಕಣೇ" ಎಂದಿದ್ದಳು. ಆ ಮಾತು ಸಮಾಧಾನವಾಗುವುದರ ಬದಲು ಮುಳ್ಳಾಗಿ ಎದೆಯಲ್ಲಿ ಕೂತಿತ್ತು.

ಶೋರೂಮಿನ ನೆಲ ಕನ್ನಡಿಯಂತಿತ್ತು. ಕಾವಲುಗಾರ ಇವಳ ಚಪ್ಪಲಿಯನ್ನೊಮ್ಮೆ, ಮಗಳ ಅರ್ಧ ಜಡೆಯನ್ನೊಮ್ಮೆ ನೋಡಿ, "ಸಪ್ಲೈಯವ್ರೆಲ್ಲ ಹಿಂದಿನ ಗೇಟಿಂದ" ಎಂದ.

"ನಾನು ಸಪ್ಲೈ ಅಲ್ಲಪ್ಪ, ಆರೋಪಿ. ಆರೋಪಿಗಳಿಗೆ ಯಾವ ಗೇಟು?"

ಅನ್ನುತ್ತಲೇ ಅವಳು ಮುಂಬಾಗಿಲಿನಿಂದಲೇ ಒಳಗೆ ನಡೆದಳು.

ಮೇಷ್ಟ್ರ ಕಾರು ವರ್ಕ್‌ಶಾಪಿನ ನಡುವೆ, ಹಲ್ಲು ಕಿತ್ತ ಬಾಯಿಯ ಹಾಗೆ ಮೂತಿ ತೆರೆದುಕೊಂಡು ನಿಂತಿತ್ತು. ಬಂಪರ್ ಪಕ್ಕದಲ್ಲಿ ಬಿದ್ದಿತ್ತು. ಕಾರಿನ ಮುಂದೆ ಕುರ್ಚಿ ಹಾಕಿಕೊಂಡು ಕೂತ ಮುದುಕ ಸರ್ವೇಯರ್, ಕನ್ನಡಕದ ಕಡ್ಡಿ ಕಚ್ಚುತ್ತಾ ಫಾರಂ ತುಂಬಿಸುತ್ತಿದ್ದ. ಪಕ್ಕದಲ್ಲಿ ಇಸ್ತ್ರಿಯ ಗೆರೆ ಮುರಿಯದ ಅಂಗಿಯ ಮ್ಯಾನೇಜರ್.

"ಬನ್ನಿ ಮೇಡಂ, ನಿಮಗೋಸ್ಕರ ಕಾಯೋಣ ಅಂದ್ಕೊಂಡ್ವಿ. ಸಾರ್‌ಗೆ ಬೇರೆ ಕೆಲಸ ಇತ್ತಂತೆ."

"ಅವಸರ ಸಾರ್‌ದೋ, ನಿಮ್ದೋ?"

ಸರ್ವೇಯರ್ ತಲೆಯೆತ್ತಿದ. "ಅಮ್ಮಾ, ಜಗಳ ಆಮೇಲೆ. ಇಲ್ಲಿ ನೋಡಿ. ಕಾರಿನ ಎಡಮೂಲೆ ಸೈಕಲ್ಲಿಗೆ ತಾಗಿದೆ. ನಡುವಿನ ಈ ಬ್ರಾಕೆಟ್ಟಿಗೆ ಪೆಟ್ಟೇ ಬಿದ್ದಿಲ್ಲ. ಒಪ್ತೀರಾ?"

ಅವಳು ಬಗ್ಗಿ ಬೆರಳಾಡಿಸಿ ನೋಡಿದಳು. ಬಿರುಕಿಲ್ಲ. ತಾನು ಕೂರಿಸಿದ ಕಿವಿ ಕಲ್ಲಿನಂತೆ ನಿಂತಿತ್ತು. "ಒಪ್ತೀನಿ."

"ಈಗ ನಿಮ್ಮ ಕೋಲು ಇಡಿ."

ಅವಳು ಮಟ್ಟಗೋಲನ್ನು ಸೆನ್ಸರಿನ ಮುಖಕ್ಕೆ ಒತ್ತಿ ಹಿಡಿದಳು. ಗಾಳಿಗುಳ್ಳೆ ಮೆಲ್ಲಗೆ ಏರಿತು. ನಡುಗೆರೆ ದಾಟಿತು. ಇನ್ನೊಂದು ಗೆರೆಯನ್ನೂ ದಾಟಿ ಮೂಲೆಯಲ್ಲಿ ನಿಂತಿತು.

ಸೆನ್ಸರ್ ರಸ್ತೆಯನ್ನು ನೋಡುತ್ತಿರಲಿಲ್ಲ. ಸೈಕಲ್ಲುಗಳ ತಲೆಯ ಮೇಲಿಂದ ಆಕಾಶ ನೋಡುತ್ತಿತ್ತು.

"ಇದು ನಾನು ಕೂರಿಸಿದ ಮಟ್ಟ ಅಲ್ಲ" ಎಂದಳು. "ಯಾರೋ ಸ್ಕ್ರೂ ಸಡಿಲಿಸಿದಾರೆ. ನನ್ನ ಗೆರೆ ನೋಡಿ. ಸ್ಕ್ರೂ ಒಂದು ಕೂದಲಿನಷ್ಟು ತಿರುಗಿದ್ರೂ ಗೆರೆ ಒಡೆದಿರತ್ತೆ."

ಆ ಗೆರೆ ಅವಳ ಪದ್ಧತಿ. ಸ್ಕ್ರೂ ಬಿಗಿಮಾಡಿದ ಮೇಲೆ ಅದರ ತಲೆಯಿಂದ ಬ್ರಾಕೆಟ್ಟಿನವರೆಗೆ ನೇಲ್ ಪಾಲಿಶ್‌ನಿಂದ ಒಂದು ಸಣ್ಣ ಗೆರೆ ಎಳೆಯಬೇಕು. ಅದು ಅಖಂಡವಾಗಿದ್ದರೆ ಯಾರೂ ಮುಟ್ಟಿಲ್ಲವೆಂದು ಅರ್ಥ. ಈ ವರ್ಷದಿಂದ ಆ ಕೆಲಸ ಮಗಳದು. ಪುಟ್ಟ ಕೈ, ಕುಂಚ ಅಲುಗುವುದಿಲ್ಲ.

"ಅದನ್ನೇ ನೋಡಿದ್ವಿ ಮೇಡಂ." ಮ್ಯಾನೇಜರ್ ಟಾರ್ಚ್ ಹಚ್ಚಿದ. ಅವನ ಸಂಭ್ರಮ ಟಾರ್ಚಿನ ಬೆಳಕಿಗಿಂತ ಹೆಚ್ಚಿತ್ತು.

ಮೂರು ಸ್ಕ್ರೂ, ಮೂರು ಗೆರೆ. ಬೆಳ್ಳಿ ಬೆರೆತ ನೀಲಿ. ಒಂದೂ ಒಡೆದಿರಲಿಲ್ಲ.

"ಯಾರೂ ಮುಟ್ಟಿಲ್ಲ. ನೀವೇ ಓರೆಯಾಗಿ ಕೂರಿಸಿ, ನೀವೇ ಗೆರೆ ಹಾಕಿದೀರಿ. ನಿಮ್ಮ ಸಾಕ್ಷಿನೇ ಹೇಳ್ತಿದೆ."

ಆ ದಿನ ಜ್ವರವಿತ್ತೇ ತನಗೆ? ನಡುವೆ ಯಾರಾದರೂ ಕರೆದರೇ? ಗುಳ್ಳೆಯನ್ನು ನೋಡಿದ್ದು ನಿಜವೇ, ನೋಡಿದೆ ಎಂದುಕೊಂಡದ್ದೇ? ಪೋಸ್ಟಮ್ಮನ ಪ್ಲಾಸ್ಟರ್ ಹಾಕಿದ ಕಾಲು ಕಣ್ಣಮುಂದೆ ಬಂತು. ಇದು ನನ್ನ ಕೈಯಿಂದಲೇ ಆಗಿದ್ದರೆ ಶೆಡ್ಡಿಗೆ ಇವರು ಬೀಗ ಹಾಕುವುದು ಬೇಡ, ನಾನೇ ಹಾಕುತ್ತೇನೆ ಎಂದುಕೊಂಡಳು.

ಮ್ಯಾನೇಜರ್ ಅಲ್ಲಿಗೆ ಬಾಯಿ ಮುಚ್ಚಿದ್ದರೆ ಎಲ್ಲ ಮುಗಿದೇ ಹೋಗುತ್ತಿತ್ತೇನೋ.

"ಇದಕ್ಕೇ ಸಾರ್ ನಾವು ಬಡ್ಕೊಳ್ಳೋದು. ಜೀವ ಉಳಿಸೋ ಯಂತ್ರ ಇದು. ತೂತು ಬಕೆಟ್ಟಿಗೆ ಬೆಸುಗೆ ಹಾಕೋ ಶೆಡ್ಡಲ್ಲೆಲ್ಲ ಇದನ್ನ ಮುಟ್ಟಕ್ಕೆ ಬಿಡಬಾರದು. ಕಾನೂನೇ ಬರ್ಬೇಕು. ಅಗ್ಗಕ್ಕೆ ಆಸೆ ಪಟ್ಟು ಜನ ಸಾಯ್ತಾರೆ."

"ಆಸೆ?" ಅವಳು ನೆಟ್ಟಗೆ ನಿಂತಳು. "ಆಸೆ ಅಂದ್ರಾ? ಮೇಷ್ಟ್ರು ಬಂದಿದ್ದು ಆಸೆಗಲ್ಲ ಸ್ವಾಮಿ, ಬೇರೆ ದಾರಿ ಇಲ್ದೆ. ಒಂದು ಕಿವಿ ಮುರಿದಿದ್ದಕ್ಕೆ ಮುಖಾನೇ ಬದಲಾಯಿಸಿ ಅಂತೀರಿ. ಆಗಲ್ಲ ಅಂದೋರು ಏನು ಮಾಡ್ತಾರೆ ಗೊತ್ತಾ? ಮನೆಗೆ ಹೋಗಿ, ಆ ಎಚ್ಚರಿಕೆ ದೀಪದ ಮೇಲೆ ಕರಿ ಟೇಪು ಅಂಟಿಸ್ಕೊಂಡು ಓಡಿಸ್ತಾರೆ. ನನ್ನ ಶೆಡ್ಡಿಗೆ ಅಂಥ ಹದಿನಾರು ಕಾರು ಬಂದಿವೆ ಈ ವರ್ಷ. ಹದಿನಾರು ಕುರುಡು ಕಾರು! ಅವಕ್ಕೆ ಕಣ್ಣು ಕೊಟ್ಟಿದ್ದು ನಾನು. ಕಿತ್ಕೊಂಡಿದ್ದು ನಿಮ್ಮ ಬಿಲ್ಲು."

"ಮೇಡಂ, ದನಿ..."

"ದನಿ ಇಳಿಸಲ್ಲ. ಬಕೆಟ್ಟಿನ ಬೆಸುಗೆ ಅಷ್ಟು ಕೇವಲನಾ? ನೀರು ಸೋರದ ಹಾಗೆ ಒಂದು ಹಾಕಿ ತೋರ್ಸಿ, ನಿಮ್ಮ ಅಂಗಿ ತೋಳು ಮಡಚಿ."

ಗಾಜಿನ ಆಚೆ ಕೌಂಟರಿನಲ್ಲಿ ಯಾರೋ ಕಿಸಕ್ಕೆಂದು ನಕ್ಕರು. ಕ್ಯಾಷಿಯರ್ ಹೆಂಗಸು. ಮ್ಯಾನೇಜರ್ ತಿರುಗಿದೊಡನೆ ಆಕೆ ಕೆಮ್ಮಿನಲ್ಲಿ ನಗು ಮುಚ್ಚಿಟ್ಟಳು.

ಸರ್ವೇಯರ್ ಪೆನ್ನಿನ ಟೊಪ್ಪಿ ತೆಗೆದ. "ಅಮ್ಮಾ, ನಿಮ್ಮ ಮಾತಲ್ಲಿ ನ್ಯಾಯ ಇದೆ. ಆದ್ರೆ ಈ ಫಾರಮ್ಮಲ್ಲಿ ಅದಕ್ಕೆ ಜಾಗ ಇಲ್ಲ. ಗೆರೆ ಒಡೆದಿಲ್ಲ, ಮಟ್ಟ ತಪ್ಪಿದೆ. ನಾನೇನು ಬರೀಲಿ?"

ಅವಳಲ್ಲಿ ಉಳಿದದ್ದು ಸಿಟ್ಟು ಮಾತ್ರ, ಅದು ಸಾಕ್ಷಿಯಾಗುವುದಿಲ್ಲ. ಕೊನೆಯ ಸಲ ಟಾರ್ಚ್ ಇಸಿದುಕೊಂಡು ಮಂಡಿಯೂರಿ ಕೂತಳು. ಮನೆಯಲ್ಲಿ ಮಗಳ ಹೋಂವರ್ಕ್ ತಿದ್ದುವಾಗ ಕೂರುವ ಹಾಗೆಯೇ.

ಹಾಗೆ ಕೂತದ್ದರಿಂದಲೇ ಕಂಡಿತೋ ಏನೋ.

ಗೆರೆಗಳಿಗೆ ಚುಕ್ಕಿ ಇರಲಿಲ್ಲ.

ಮೊದಲನೆಯದಕ್ಕೆ ಇಲ್ಲ. ಎರಡನೆಯದಕ್ಕೂ ಇಲ್ಲ. ಮೂರನೆಯದು ಇನ್ನೂ ನೀಟಾಗಿ, ಕತ್ತರಿಸಿದ ದಾರದ ಹಾಗೆ ಸುಮ್ಮನೆ ನಿಂತುಬಿಟ್ಟಿತ್ತು.

"ಸಾರ್, ಪೆನ್ನು ಮುಚ್ಚಿ."

"ಯಾಕಮ್ಮಾ?"

"ಇದು ನನ್ನ ಮಗಳ ಗೆರೆ ಅಲ್ಲ." ಅವಳು ಮಗಳತ್ತ ತಿರುಗಿದಳು. ಮಗಳು ಮಾಮನ ಪಕ್ಕ ನಿಂತಿದ್ದಳು. ಅವನ ಕೈ ಅವಳ ಹೆಗಲ ಮೇಲಿತ್ತು. "ಕಂದಾ, ಗೆರೆ ಎಳೆದ ಮೇಲೆ ಕೊನೇಲಿ ಏನು ಮಾಡ್ತೀಯ? ಅಜ್ಜಂಗೆ ಹೇಳು."

"ಚುಕ್ಕಿ ಇಡ್ತೀನಿ."

"ಯಾಕೆ?"

"ಮುಗೀತು ಅಂತ ಗೊತ್ತಾಗಕ್ಕೆ. ಚುಕ್ಕಿ ಇಡದಿದ್ರೆ ಟೀಚರ್ ಅರ್ಧ ಮಾರ್ಕು ಕಳೀತಾರೆ."

ಸರ್ವೇಯರ್ ಕಡ್ಡಿ ಕಚ್ಚುವುದನ್ನು ನಿಲ್ಲಿಸಿದ. ಮ್ಯಾನೇಜರ್ ಜೋರಾಗಿ ನಕ್ಕ. "ಸಾರ್, ಎರಡನೇ ಕ್ಲಾಸಿನ ಮಗು! ಅವತ್ತೊಂದಿನ ಮರೆತಿರುತ್ತೆ. ಇದೂ ಒಂದು ಸಾಕ್ಷಿನಾ?"

"ಮೂರಕ್ಕೂ ಮರೀತಾಳಾ?"

"ಎಲ್ಲ ಕಾರಿಗೂ ಇಡ್ತಾಳೆ ಅನ್ನೋದಕ್ಕೆ ಏನು ಆಧಾರ? ಬಾಯಿಮಾತು!"

ಗಾಜಿನ ಬಾಗಿಲು ತೆರೆಯಿತು. ಕ್ಯಾಷಿಯರ್ ಹೆಂಗಸು ಹೊರಗೆ ಬಂದಳು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಸುತ್ತಿ ಬಿಡುತ್ತಿದ್ದಳು.

"ಸಾರ್, ಹಿಂದಿನ ಅಂಗಳದಲ್ಲಿ ನನ್ನ ಕಾರಿದೆ. ಬಿಳೀದು. ಮುಂದಿನ ಜಾಲರಿಯ ಮುಚ್ಚಳ ಎರಡು ಕ್ಲಿಪ್ಪು ಅಷ್ಟೇ. ತೆಗೆದು ನೋಡಿ."

ಮ್ಯಾನೇಜರ್ ಬಾಯಿ ತೆರೆದ. "ನೀವು... ನೀವು ಇಲ್ಲಿ ಕೆಲಸ ಮಾಡ್ಕೊಂಡು, ಈಕೆ ಹತ್ರ..."

"ಇಲ್ಲಿ ಕೆಲಸ ಮಾಡೋದ್ರಿಂದ್ಲೇ ಸಾರ್ ಇಲ್ಲಿಯ ಬಿಲ್ಲು ನಂಗೊತ್ತಿರೋದು."

ಎಲ್ಲರೂ ಹಿಂದಿನ ಅಂಗಳಕ್ಕೆ ಹೋದರು. ಸರ್ವೇಯರ್ ತಾನೇ ಮುಚ್ಚಳ ಬಿಡಿಸಿ, ಮುದಿ ಬೆನ್ನು ಬಗ್ಗಿಸಿ, ಟಾರ್ಚ್ ಹಿಡಿದು ಇಣುಕಿದ. ಬಹಳ ಹೊತ್ತು ನೋಡಿದ. ಮೂರು ನೀಲಿ ಗೆರೆ. ಪ್ರತಿ ಗೆರೆಯ ತುದಿಗೂ, ಸಾಸಿವೆಯಷ್ಟು ದಪ್ಪದ, ಬಹಳ ಶ್ರದ್ಧೆಯಿಂದ ಇಟ್ಟ ಒಂದು ಚುಕ್ಕಿ.

ಅವನು ತುಟಿಯಂಚಿನಲ್ಲಿ ನಕ್ಕು ಮಗಳ ಕಡೆ ನೋಡಿದ. "ಪೂರ್ತಿ ಮಾರ್ಕು ಕಣಮ್ಮ ನಿಂಗೆ."

ಮಗಳು ನಗಲಿಲ್ಲ.

"ಮೇಷ್ಟ್ರ ಕಾರು ನಿಮ್ಮ ಶೆಡ್ಡಿಂದ ಹೋದ ಮೇಲೆ ಬೇರೆಲ್ಲಾದ್ರೂ ನಿಂತಿತ್ತಾ?" ಸರ್ವೇಯರ್ ಕೇಳಿದ್ದು ಇವಳನ್ನು, ಉತ್ತರಿಸಿದ್ದು ಕ್ಯಾಷಿಯರ್.

"ಇಲ್ಲೇ ನಿಂತಿತ್ತು ಸಾರ್. ಅಪಘಾತದ ಮೂರು ದಿನ ಮುಂಚೆ. ಬ್ಯಾಟರಿ ಸತ್ತುಹೋಗಿ ಎಳ್ಕೊಂಡು ಬಂದಿದ್ರು. ಬಿಲ್ಲು ಮಾಡಿದ್ದು ನಾನೇ. ಬ್ಯಾಟರಿ ಹಾಕಕ್ಕೆ ಕಾಲು ಗಂಟೆ ಸಾಕು. ಕಾರು ಮಾತ್ರ ಮಾರನೇ ದಿನ ಹೋಯ್ತು."

"ನಮ್ಮೋರು ಯಾರೂ ಬಂಪರ್ ಮುಟ್ಟಿಲ್ಲ!" ಮ್ಯಾನೇಜರ್ ಹಣೆ ಒರೆಸಿಕೊಂಡ. "ಮುಟ್ಟಿದ್ರೆ ಗೆರೆ ಎಲ್ಲಿಂದ ಬರ್ಬೇಕು? ಈ ಬಣ್ಣ ನಮ್ಮ ಹತ್ರ ಎಲ್ಲಿದೆ? ಕೇಳಿ ಸಾರ್, ಎರಡು ಕಾರಲ್ಲೂ ಒಂದೇ ಬಣ್ಣ. ಒಂದೇ ಬಾಟ್ಲಿ!"

ಅದು ನಿಜವಾಗಿತ್ತು.

ಬೇಕೆಂದೇ ಹೇಳಿದನೋ, ಗಾಬರಿಯಲ್ಲಿ ಬಾಯಿಗೆ ಬಂತೋ, ಅಂತೂ ಆ ಮಾತು ಅಕ್ಕನ ಕಾಲ ಕೆಳಗಿನ ನೆಲವನ್ನು ಎಳೆಯಿತು. ಆ ಬಣ್ಣ ಯಾವ ಅಂಗಡಿಯಲ್ಲೂ ಸಿಗುವುದಲ್ಲ. ತಳ ಕಂಡ ನೀಲಿ ಬಾಟಲಿಗೆ ಒಣಗುತ್ತಾ ಬಂದ ಬೆಳ್ಳಿ ಬಾಟಲಿಯನ್ನು ಸುರಿದು, ಬೆಂಕಿಕಡ್ಡಿಯಿಂದ ಕಲಸಿ, ಅಡುಗೆಮನೆಯ ನೆಲಕ್ಕೆಲ್ಲ ಚೆಲ್ಲಿ ಮಗಳೇ ತಯಾರಿಸಿದ್ದು. ಜಗತ್ತಿನಲ್ಲಿ ಅಂಥದ್ದು ಒಂದೇ ಬಾಟಲಿ. ಅದು ಇದ್ದದ್ದು ಶೆಡ್ಡಿನ ಗೂಡಿನಲ್ಲಿ.

ಇದ್ದದ್ದು. ಈಗ ಹತ್ತು ಹನ್ನೆರಡು ದಿನದಿಂದ ಮಗಳು ಕೆಂಪು ಬಣ್ಣ ಬಳಸುತ್ತಿದ್ದಳು. ನೀಲಿ ಎಲ್ಲಿ ಎಂದರೆ "ಮುಗ್ದೋಯ್ತು" ಎಂದು ಬೇರೆ ಕಡೆ ನೋಡಿದ್ದಳು. ಒಲೆಯ ಮೇಲೆ ಹಾಲಿತ್ತು, ಉಕ್ಕುತ್ತಿತ್ತು. ಅವಳು ಮತ್ತೆ ಕೇಳಿರಲಿಲ್ಲ.

ಗೆರೆಯ ವಿಷಯ ಗೊತ್ತಿದ್ದವನು. ಶೆಡ್ಡಿನೊಳಗೆ ಕೇಳದೆ ಬರುವವನು. ಚುಕ್ಕಿಯ ವಿಷಯ ಮಾತ್ರ ಗೊತ್ತಿಲ್ಲದವನು, ಅಂದರೆ ಚುಕ್ಕಿ ಶುರುವಾಗುವ ಮೊದಲೇ ಶೆಡ್ಡು ಬಿಟ್ಟವನು. ಹೋದ ವರ್ಷವೇ ಬಿಟ್ಟು ಶೋರೂಮಿನ ಕಾರು ಎಳೆಯಲು ಹೋದವನು...

ಅವಳು ಯೋಚನೆಯನ್ನು ಅಲ್ಲಿಗೇ ಕಟ್ಟಿ ನಿಲ್ಲಿಸಿದಳು. ಅದರ ಮುಂದಿನ ಹೆಜ್ಜೆಯಲ್ಲಿ ಅವಳೇ ಎತ್ತಿ ಆಡಿಸಿದ ಒಂದು ಮುಖವಿತ್ತು. ಜ್ವರ ಬಂದರೆ ಇವಳ ಮಡಿಲೇ ಬೇಕೆಂದು ಹಟ ಹಿಡಿಯುತ್ತಿದ್ದ ಮುಖ.

"ಆ ಬಾಟ್ಲಿ ಎಲ್ಲಿದೆಯಮ್ಮಾ?" ಸರ್ವೇಯರ್ ಮೆಲ್ಲಗೆ ಕೇಳಿದ. "ಅದು ನಿಮ್ಮ ಗೂಡಲ್ಲಿದ್ರೆ, ಚುಕ್ಕಿ ಇಲ್ದಿದ್ರೂ ಗೆರೆ ನಿಮ್ದೇ ಅಂತ ಇವ್ರು ಅಂತಾರೆ. ನಾನು ತಳ್ಳಿಹಾಕಕ್ಕಾಗಲ್ಲ. ಗೂಡಲ್ಲಿ ಇಲ್ಲ ಅಂದ್ರೆ, ಯಾರ ಹತ್ರ ಇದೆಯೋ ಅವರೇ ಉತ್ತರ ಹೇಳ್ಬೇಕು."

ಗೋಡೆಯಾಚೆ ಹಳದಿ ಲಾರಿಯ ಇಂಜಿನ್ ಆರುತ್ತಾ ಟಿಕ್ ಟಿಕ್ ಎನ್ನುವುದು ಕೇಳುತ್ತಿತ್ತು.

"ಅಕ್ಕಾ, ಶೆಡ್ಡಿಗೆ ಹೋಗೋಣ ನಡಿ," ಎಂದ ತಮ್ಮ. ಇಷ್ಟು ಹೊತ್ತಿಗೆ ಅವನ ಮೊದಲ ಮಾತು. "ಗೂಡಲ್ಲೇ ಎಲ್ಲೋ ಇರುತ್ತೆ. ನಾನೇ ಹುಡುಕಿ ಕೊಡ್ತೀನಿ. ನೀನು ಇಲ್ಲೇ ಕೂತಿರು ಬೇಕಿದ್ರೆ, ನಾನೊಬ್ನೇ ಹೋಗಿ ತರ್ತೀನಿ."

ಅವನು ಮಗಳ ಹೆಗಲಿನಿಂದ ಕೈ ತೆಗೆದ. ಬೀಗದ ಕೈ ಗೊಂಚಲು ಮತ್ತೆ ತಿರುಗಿತು.

ಮಗಳು ಅವನ ಅಂಗಿಯ ಅಂಚು ಹಿಡಿದುಕೊಂಡಳು. ಬಿಚ್ಚಿದ ಅರ್ಧ ಕೂದಲು ಕಣ್ಣಿನ ಮೇಲೆ ಬಿದ್ದಿತ್ತು. ಇನ್ನೊಂದು ಮುಷ್ಟಿ ಬಿಡಿಸಿ ಅವನತ್ತ ಚಾಚಿದಳು. ಅಂಗೈಯಲ್ಲಿ ಕರಗಿ ಅಂಟಾದ ಪೆಪ್ಪರ್‌ಮಿಂಟು.

"ಇದು ನಂಗೆ ಬೇಡ ಮಾಮ." ದನಿ ಸಣ್ಣದಿತ್ತು, ಆದರೆ ಅಂಗಳದಲ್ಲಿ ಎಲ್ಲರಿಗೂ ಕೇಳಿಸಿತು. "ನನ್ನ ಬಾಟ್ಲಿ ನಿನ್ನ ಲಾರಿ ಡಬ್ಬೀಲಿದೆಯಲ್ಲ, ಅಮ್ಮಂಗೆ ಹೇಳ್ಬೇಡ ಅಂದಿದ್ಯಲ್ಲ... ಈಗ ಹೇಳ್ಬಹುದಾ?"